ಒಂದು ಮಾತ್ರೆ, ವಾರಕ್ಕೆ

ಕಾಪು
೨ ಜೂನ್ ೨೦೨೫

ಚಿ. ಯಶ್ಮಿತಾಳಿಗೆ ಅಜ್ಜಿ ಗುಣವತಿಯ ಆಶೀರ್ವಾದಗಳು.

ನಿನ್ನ ಮೊಬೈಲು ನನ್ನ ಕಪಾಟಿನಲ್ಲಿ, ಅಜ್ಜನ ಪಂಚೆಗಳ ಕೆಳಗೆ ಉಂಟು. ಎರಡು ದಿನ ಒಳಗಿನಿಂದ ಗುಂಯ್ ಗುಂಯ್ ಎನ್ನುತ್ತಿತ್ತು, ಮೂರನೇ ದಿನ ಸತ್ತಿತು. ಫಾರ್ಮಸಿ ಪರೀಕ್ಷೆ ಮುಗಿಯುವವರೆಗೆ ಅದು ಹಾಗೆಯೇ ಇರಲಿ. ಕಳೆದ ಸಲ ನೀನು ಎರಡು ಅಂಕದಲ್ಲಿ ಬಿದ್ದದ್ದು ಅದರ ದೆಸೆಯಿಂದ. ನಿನ್ನ ರೂಮಿನ ಒಡತಿ ಆನ್ಸಿಲ್ಲಾ ಬಾಯಿಯವರ ಫೋನಿಗೂ ನಾನು ಮಾಡುವುದಿಲ್ಲ. ಫೋನಿನಲ್ಲಿ ನನಗೆ ಅರ್ಧ ಮಾತು ಕೇಳುವುದಿಲ್ಲ. ಕೇಳದ ಅರ್ಧಕ್ಕೆ ‘ಆಂ, ಆಂ’ ಎನ್ನುವುದು ನನ್ನಿಂದ ಆಗದು. ಹೇಳುವುದಿದ್ದರೆ ಬರೆ. ಮಣಿಪಾಲದ ಬಸ್ಸಿನ ಕಂಡಕ್ಟರ್ ಶೀನನಿಗೆ ಹೇಳಿದ್ದೇನೆ. ನನ್ನ ಪತ್ರ ಅಲೆವೂರಿನಲ್ಲಿ ನಿನ್ನ ರೂಮಿನ ಎದುರಿನ ಅಂಗಡಿಯಲ್ಲಿ ಇಡುತ್ತಾನೆ, ನಿನ್ನದನ್ನು ತರುತ್ತಾನೆ.

ಪತ್ರಕ್ಕೊಂದು ಕ್ರಮ ಉಂಟು. ಮೇಲೆ ಊರು, ದಿನಾಂಕ. ದೊಡ್ಡವರಿಗೆ ‘ಪೂಜ್ಯ’. ಬಂದ ಪತ್ರಕ್ಕೆ ಉತ್ತರಿಸುವಾಗ ‘ತಮ್ಮ ಪತ್ರ ತಲುಪಿ ಸಕಲ ವಿಷಯ ತಿಳಿಯಿತು’ ಎಂದು ಮೊದಲ ಸಾಲಿನಲ್ಲಿ ಹಾಕಬೇಕು. ಇಲ್ಲದಿದ್ದರೆ ಓದಿದರೋ ಒಲೆಗೆ ಹಾಕಿದರೋ ಎಂದು ಬರೆದವರಿಗೆ ಗೊತ್ತಾಗುವುದು ಹೇಗೆ?

ಮೊನ್ನೆ ನಮ್ಮ ಔಷಧಿ ಅಂಗಡಿಗೆ ಡ್ರಗ್ ಇನ್ಸ್‌ಪೆಕ್ಟರ್ ಬಂದಿದ್ದ. ಗೋಡೆಯ ಮೊಳೆಯಲ್ಲಿದ್ದ ಸರ್ಟಿಫಿಕೇಟಿನ ಫ್ರೇಮ್ ನೋಡಿ ‘ಫಾರ್ಮಾಸಿಸ್ಟ್ ವಲೇರಿಯನ್ ಎಲ್ಲಿ?’ ಎಂದ. ಊಟಕ್ಕೆ ಹೋಗಿದ್ದಾರೆ ಎಂದೆ. ‘ಅಮ್ಮಾ, ಮಾರ್ಚಿನಲ್ಲಿ ನಾನು ಬಂದಾಗಲೂ ಊಟಕ್ಕೇ ಹೋಗಿದ್ದರು. ಇನ್ನೂ ಕೈ ತೊಳೆಯಲಿಲ್ಲವಾ?’ ಎಂದು ಕೇಳಿದ. ನಾನು ನಗಲಿಲ್ಲ. ಅವನೂ ನಗಲಿಲ್ಲ. ಸೆಪ್ಟೆಂಬರಿನವರೆಗೆ ನೋಡುತ್ತೇನೆ, ಆಮೇಲೆ ಶಟರ್ ಎಳೆಸುತ್ತೇನೆ ಎಂದು ಹೇಳಿ ಹೋದ.

ಅವನದ್ದು ತಪ್ಪಲ್ಲ. ವಲೇರಿಯನ್ ಕಾರ್ಕಳದಲ್ಲಿ ಕೋಳಿ ಸಾಕುತ್ತಾ ಇದ್ದಾನೆ, ಅವನ ಸರ್ಟಿಫಿಕೇಟ್ ಕಾಪುವಿನಲ್ಲಿ ಔಷಧಿ ಕೊಡುತ್ತಾ ಉಂಟು. ನಿನ್ನ ಅಜ್ಜ ಇದ್ದಷ್ಟು ದಿನ ಆ ಮೊಳೆಯಲ್ಲಿ ಅವರ ಹೆಸರಿತ್ತು, ಕೆಳಗೆ ಅವರೂ ಇದ್ದರು. ಅವರು ಹೋದ ಮೇಲೆ ಪರರ ಹೆಸರು ತೂಗುಹಾಕಿದ್ದು ನನಗೆ ಮರ್ಯಾದೆಯ ಮಾತಲ್ಲ. ಆ ಮೊಳೆಗೆ ನಿನ್ನ ಹೆಸರು ಬರಬೇಕು. ನಿನಗೆ ಇರುವ ಕೆಲಸ ಅದೊಂದೇ.

ಅಂಗಡಿಯ ಚಿಂತೆ ಬೇಡ. ಮೂವತ್ತು ವರ್ಷ ಕೌಂಟರಿನಲ್ಲಿ ಅವರ ಪಕ್ಕದಲ್ಲೇ ನಿಂತವಳು ನಾನು. ಡಾಕ್ಟರುಗಳ ಕೋಳಿಕಾಲಿನ ಅಕ್ಷರವನ್ನು ಓದಿ, ಕವರಿನ ಮೇಲೆ ಶುದ್ಧ ಕನ್ನಡದಲ್ಲಿ ಬರೆದು ಕೊಡುತ್ತೇನೆ. ಹೈಸ್ಕೂಲಿನಲ್ಲಿ ಕೈಬರಹಕ್ಕೆ ಬಹುಮಾನ ಬಂದ ಅಕ್ಷರ ಅದು. ನಮ್ಮ ಮೀನಿನ ವಾರಿಜಾ ಓದಿದ್ದು ಮೂರನೇ ಕ್ಲಾಸು. ಅವಳೂ ಬೆರಳಿಟ್ಟು ಓದುತ್ತಾಳೆ. ಕೆಮ್ಮಿಗೆ ‘ರಾತ್ರಿ ಒಂದು, ವಾರಕ್ಕೆ’ ಎಂದು ಬರೆದುಕೊಟ್ಟರೆ ಏಳು ರಾತ್ರಿ ತಿಂದು ಎಂಟನೇ ದಿನ ಬಂದು ‘ಮುಗಿಯಿತು ಅಕ್ಕ’ ಎಂದು ಖಾಲಿ ಕವರ್ ತೋರಿಸುತ್ತಾಳೆ. ನೀನು ಅವಳಷ್ಟು ಹೇಳಿದ ಮಾತು ಕೇಳಿದರೆ ಸಾಕಿತ್ತು.

ಅಜ್ಜಿ, ಗುಣವತಿ


ಅಲೆವೂರು
೧೧ ಜೂನ್

ಪುಜ್ಯ ಅಜ್ಜಿಗೆ ಯಶ್ಮಿತಾ ಮಾಡುವ ನಮಸ್ಕಾರಗಳು.

ತಮ್ಮ ಪತ್ರ ತಲುಪಿ ಸಕಲ ವಿಷಯ ತಿಳಿಯಿತು. (ಸರಿಯಾಯಿತಾ?)

ಶೀನಣ್ಣ ಪತ್ರವನ್ನು ಅಂಗಡಿಯಲ್ಲಿ ಇಡುವುದಿಲ್ಲ ಅಜ್ಜಿ, ಬಸ್ಸು ನಿಲ್ಲಿಸಿ ‘ಕಾಪುವಿನಿಂದ ಸಮನ್ಸ್ ಬಂದಿದೆ’ ಎಂದು ಕೂಗುತ್ತಾರೆ. ಇಡೀ ಬಸ್ಸು ನನ್ನನ್ನು ನೋಡುತ್ತದೆ.

ಬೆಳಿಗ್ಗೆ ಏಳಕ್ಕೆ ಮಣಿಪಾಲದಲ್ಲಿ ಕ್ಲಾಸು. ಮೂರು ಪೇಪರ್, ಮೂರೂ ಒಟ್ಟಿಗೆ ಪಾಸಾಗಬೇಕು. ಒಂದರಲ್ಲಿ ಬಿದ್ದರೆ ಮೂರೂ ಬಿದ್ದ ಹಾಗೆ. ಮಾದರಿ ಪರೀಕ್ಷೆಗಳಲ್ಲಿ ಪರವಾಗಿಲ್ಲ, ಬರುತ್ತಾ ಉಂಟು. ಆನ್ಸಿಲ್ಲಾ ಬಾಯಿ ರಾತ್ರಿ ಪ್ರಾರ್ಥನೆಯಲ್ಲಿ ನನ್ನ ಹೆಸರನ್ನೂ ಸೇರಿಸಿದ್ದಾರಂತೆ. ‘ನಿನ್ನ ಪುಸ್ತಕದ ದಪ್ಪ ನೋಡಿದರೆ ನನ್ನದೊಂದೇ ಪ್ರಾರ್ಥನೆ ಸಾಲದು’ ಎನ್ನುತ್ತಾರೆ.

ನಿನ್ನೆ ಮರ್ಯಾದೆ ಹೋಯಿತು. ‘ಗಂಟುಗಳು ಬಾತರೆ ಕೊಡುವ ಯಾವ ಮಾತ್ರೆಯನ್ನು ದಿನವೂ ತಿನ್ನಬಾರದು?’ ಎಂದು ಸರ್ ಕೇಳಿದರು. ಮೆಥೊಟ್ರೆಕ್ಸೇಟ್. ವಾರದಲ್ಲಿ ಒಂದೇ ದಿನ ತಿನ್ನುವುದು. ನಾನು ದಿನಕ್ಕೊಂದು ಎಂದುಬಿಟ್ಟೆ. ಸರ್ ಚಾಕ್‌ಪೀಸ್ ಕೆಳಗಿಟ್ಟು, ‘ಮೊದಲು ಬಾಯಿಯೆಲ್ಲಾ ಹುಣ್ಣು, ಆಮೇಲೆ ಜ್ವರ, ಆಮೇಲೆ ಯಶ್ಮಿತಾಳ ರೋಗಿ ಮೇಲಕ್ಕೆ. ಎಲ್ಲರೂ ಎದ್ದು ಒಂದು ನಿಮಿಷ ಮೌನ’ ಎಂದರು. ಕ್ಲಾಸು ನಿಜವಾಗಿ ಎದ್ದು ನಿಂತಿತು. ಇನ್ನು ಸಾಯುವವರೆಗೆ ಮರೆಯುವುದಿಲ್ಲ.

ನಿಮ್ಮ ಯಶ್ಮಿತಾ


ಕಾಪು
೧೯ ಜೂನ್

ಚಿ. ಯಶ್ಮಿತಾಳಿಗೆ ಆಶೀರ್ವಾದಗಳು.

‘ಪುಜ್ಯ’ ಅಲ್ಲ, ‘ಪೂಜ್ಯ’. ಪಕಾರಕ್ಕೆ ದೀರ್ಘ. ಅಜ್ಜಿಯ ಪೂಜ್ಯತೆಯನ್ನು ಅರ್ಧ ಮಾಡಬೇಡ. ‘ಸರಿಯಾಯಿತಾ’ ಎಂದು ಪತ್ರದಲ್ಲಿ ಕೇಳುವ ಕ್ರಮ ಇಲ್ಲ.

ನಿಮ್ಮ ಸರ್ ಕೇಳಿದ್ದಕ್ಕೆ ನಾನು ಪರೀಕ್ಷೆ ಬರೆಯದೆ ಉತ್ತರ ಹೇಳುತ್ತೇನೆ. ನಿನ್ನೆ ವಾರಿಜಾ ಬಂದಿದ್ದಳು. ಮಳೆಗಾಲಕ್ಕೆ ಟ್ರಾಲ್ ಬೋಟುಗಳು ನಿಂತಿರುವುದರಿಂದ ಮೀನಿಲ್ಲ, ಬುಟ್ಟಿ ಇಲ್ಲ, ಕುಳಿತು ಕುಳಿತು ಕೈಯ ಗಂಟುಗಳೆಲ್ಲಾ ಬಾತಿವೆ. ಮಗಳು ಧೃತಿ ಮಣಿಪಾಲದ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿದ್ದಳು. ಚೀಟಿ ನೋಡಿದರೆ ನಿನ್ನದೇ ಮಾತ್ರೆ! ವಾರಕ್ಕೊಮ್ಮೆ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟ ಬರೆದಿತ್ತು. ಓದಿದೆ. ಹತ್ತರ ಸ್ಟ್ರಿಪ್ ಕೊಟ್ಟು, ಕವರಿನ ಮೇಲೆ ದೊಡ್ಡದಾಗಿ ‘ಒಂದು ಮಾತ್ರೆ, ವಾರಕ್ಕೆ’ ಎಂದು ಬರೆದು ಅಡಿಗೆರೆಯನ್ನೂ ಎಳೆದೆ. ಅಷ್ಟಕ್ಕೇ ಬಿಡಲಿಲ್ಲ. ‘ಓದು’ ಎಂದೆ. ಬೆರಳಿಟ್ಟು ಓದಿದಳು. ‘ಗೊತ್ತಾಯಿತಾ?’ ಎಂದು ಕೇಳಿದೆ. ‘ಗೊತ್ತಾಗದೆ ಎಂತ ಅಕ್ಕ, ನಿಮ್ಮ ಅಕ್ಷರ ಅಲ್ವಾ’ ಎಂದಳು.

ಇದಕ್ಕಿಂತ ಹೆಚ್ಚು ವಲೇರಿಯನ್ ಎಂತ ಮಾಡುತ್ತಿದ್ದ? ನಿನ್ನ ಕ್ಲಾಸಿನಲ್ಲಿ ನಲವತ್ತು ಜನ ಎದ್ದು ನಿಂತು ಕಲಿತದ್ದನ್ನು ನಾನು ಕುಳಿತಲ್ಲಿಂದ ಮಾಡಿದ್ದೇನೆ. ಹೊಗಳಿಕೊಳ್ಳಲು ಬರೆದದ್ದಲ್ಲ, ನಿನಗೆ ಧೈರ್ಯ ಬರಲಿ ಎಂದು ಬರೆದದ್ದು. ನಮ್ಮ ರಕ್ತದಲ್ಲಿ ಈ ಕೆಲಸ ಉಂಟು.

‘ಪರವಾಗಿಲ್ಲ’ ಎಂದು ಬರೆದಿದ್ದೀ. ಎಷ್ಟು ಅಂಕ ಎಂದು ಬರೆ.

ಅಜ್ಜಿ, ಗುಣವತಿ


ಕಾಪು
೩೦ ಜೂನ್

ಚಿ. ಯಶ್ಮಿತಾಳಿಗೆ ಆಶೀರ್ವಾದಗಳು.

ಉತ್ತರ ಇಲ್ಲ. ಶೀನ ಬರಿಗೈಯಲ್ಲಿ ಬಂದು ‘ಓದುತ್ತಾ ಉಂಟು ಮಗು, ನೋಡಿದೆ’ ಎನ್ನುತ್ತಾನೆ. ಓದುತ್ತಿದ್ದರೆ ಸರಿ. ಜೊತೆಗೆ ಹಪ್ಪಳ, ಮಾವಿನ ಉಪ್ಪಿನಕಾಯಿ ಕಳಿಸಿದ್ದೇನೆ. ಆನ್ಸಿಲ್ಲಾ ಬಾಯಿಗೂ ಕೊಡು, ಪ್ರಾರ್ಥನೆಗೆ ಸುಮ್ಮನೆ ಋಣ ಇಟ್ಟುಕೊಳ್ಳಬಾರದು.

ನಿನ್ನ ಅಮ್ಮ ಕುಕ್ಕುಂದೂರಿನಿಂದ ಬಂದು ಎರಡು ದಿನ ಇದ್ದು ಹೋದಳು. ‘ಮಗುವಿಗೆ ಅಷ್ಟು ಕಟ್ಟುನಿಟ್ಟು ಯಾಕಮ್ಮಾ’ ಎಂದಳು. ‘ನಿನ್ನನ್ನು ಕಟ್ಟುನಿಟ್ಟಿಲ್ಲದೆ ಸಾಕಿ ಆದದ್ದೆಂತ?’ ಎಂದು ಕೇಳಿದೆ. ಊಟ ಮಾಡದೆ ಹೊರಟಳು.

ವಾರಿಜಾಳ ಬಾಯಿ ತುಂಬಾ ಹುಣ್ಣು. ಗಂಜಿಯೂ ಇಳಿಯುವುದಿಲ್ಲವಂತೆ. ಎಲೆ-ಅಡಿಕೆ ಬಿಡು ಎಂದು ಬೈದು, ಬಿ-ಕಾಂಪ್ಲೆಕ್ಸ್ ಮತ್ತು ಹಚ್ಚುವ ಮುಲಾಮು ಕೊಟ್ಟೆ. ನಿನ್ನ ಸರ್ ಹುಣ್ಣಿನ ಮಾತು ಹೇಳಿದ್ದರೆಂದು ಬರೆದದ್ದು ನೆನಪಾಯಿತು. ಆದರೆ ಇವಳು ತಿನ್ನುತ್ತಿರುವುದು ದಿನವೂ ಅಲ್ಲವಲ್ಲ, ಕೊಟ್ಟು ಎರಡು ವಾರ ಆಗಲಿಲ್ಲ, ಎರಡೇ ಮಾತ್ರೆ ಹೋಗಿರಬೇಕು. ಎರಡಕ್ಕೂ ಹುಣ್ಣು ಬರುತ್ತದಾ? ಪುಸ್ತಕದಲ್ಲಿ ಎಂತ ಉಂಟು ನೋಡಿ ಒಂದು ಸಾಲು ಬರೆ. ನನಗೆ ಗೊತ್ತಿಲ್ಲವೆಂದಲ್ಲ.

ಅಜ್ಜಿ, ಗುಣವತಿ


ಅಲೆವೂರು
೪ ಜುಲೈ

ಪೂಜ್ಯ ಅಜ್ಜಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿ ಸಕಲ ವಿಷಯ ತಿಳಿಯಿತು. ನಾನು ಕ್ಷೇಮ. ಓದು ನಡೆಯುತ್ತಾ ಉಂಟು. ಉಪ್ಪಿನಕಾಯಿ ಚೆನ್ನಾಗಿದೆ. ವಿಶೇಷ ಏನೂ ಇಲ್ಲ.

ಯಶ್ಮಿತಾ


ಕಾಪು
೯ ಜುಲೈ

ಚಿ. ಯಶ್ಮಿತಾಳಿಗೆ ಆಶೀರ್ವಾದಗಳು.

‘ಸಕಲ ವಿಷಯ ತಿಳಿಯಿತು, ವಿಶೇಷ ಏನೂ ಇಲ್ಲ’ ಎಂದು ಬರೆದಿದ್ದೀ. ಹಾಗಾದರೆ ಹುಣ್ಣಿಗೆ ಆ ಮಾತ್ರೆ ಕಾರಣ ಅಲ್ಲ ಎಂದು ನಾನು ತಿಳಿದೆ. ಧೃತಿ ಬಂದು ‘ಅಮ್ಮನನ್ನು ಡಾಕ್ಟರಿಗೆ ತೋರಿಸುವುದಾ’ ಎಂದು ಕೇಳಿದಾಗ, ‘ನಮ್ಮ ಹುಡುಗಿ ದೊಡ್ಡ ಪುಸ್ತಕ ನೋಡಿದ್ದಾಳೆ, ಹೆದರುವುದು ಬೇಡ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲಿ’ ಎಂದೆ.

ಮೊನ್ನೆ ಸೋಮವಾರ ಜ್ವರ ಏರಿ ಮಾತು ತೊದಲಿತಂತೆ. ಮಣಿಪಾಲದ ಆಸ್ಪತ್ರೆಗೆ ಸೇರಿಸಿದ್ದಾರೆ. ರಕ್ತದಲ್ಲಿ ಬಿಳಿಕಣ ಇಲ್ಲವೇ ಇಲ್ಲ ಎನ್ನುತ್ತಾರಂತೆ. ನಿನ್ನ ಕ್ಲಾಸಿನಿಂದ ನಡೆದು ಹೋಗುವಷ್ಟು ಹತ್ತಿರ. ಒಂದು ಗಳಿಗೆ ಹೋಗಿ ನೋಡಿ ಬಾ. ನೀನು ಚಿಕ್ಕವಳಿದ್ದಾಗ ಬುಟ್ಟಿಯ ಅಡಿಯಲ್ಲಿ ನಿನಗೆಂದೇ ಸಿಗಡಿ ತೆಗೆದಿಟ್ಟು ತರುತ್ತಿದ್ದವಳು. ಡಾಕ್ಟರರ ಮಾತು ನಿನಗೆ ಅರ್ಥವಾಗುತ್ತದೆ, ಧೃತಿಗೆ ಆಗುವುದಿಲ್ಲ.

ಒಂದು ದಿನ ಓದು ನಿಂತರೆ ನಾನು ಬೈಯುವುದಿಲ್ಲ.

ಅಜ್ಜಿ


ಅಲೆವೂರು
೧೫ ಜುಲೈ

ಪೂಜ್ಯ ಅಜ್ಜಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿ ಸಕಲ ವಿಷಯ ತಿಳಿಯಿತು. ನಾನು ಕ್ಷೇಮ. ಪರೀಕ್ಷೆ ಆಗಸ್ಟ್ ಹತ್ತಕ್ಕೆ. ಆಮೇಲೆ ಎಲ್ಲಾ ವಿವರವಾಗಿ ಬರೆಯುತ್ತೇನೆ.

ಯಶ್ಮಿತಾ


ಕಾಪು
೨೮ ಜುಲೈ

ಚಿ. ಯಶ್ಮಿತಾಳಿಗೆ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ಅಂಗಡಿ ನಾಲ್ಕು ದಿನದಿಂದ ತೆರೆದಿಲ್ಲ, ಮಳೆಗೆ ಜನ ಇಲ್ಲ. ವಾರಿಜಾಳ ವಿಷಯ ನೀನು ಕೇಳಲಿಲ್ಲ. ಕೇಳದೆ ಇದ್ದದ್ದೇ ಒಳ್ಳೆಯದಾಯಿತು.

ಪರೀಕ್ಷೆಯ ದಿನ ಹಸಿದ ಹೊಟ್ಟೆಯಲ್ಲಿ ಹೋಗಬೇಡ. ಪ್ರಶ್ನೆಯನ್ನು ಎರಡು ಸಲ ಓದು.

ಅಜ್ಜಿ


ಅಲೆವೂರು
೧೧ ಆಗಸ್ಟ್

ಅಜ್ಜಿ,

ಕ್ರಮ ತಪ್ಪಿದರೆ ಕ್ಷಮಿಸಿ. ಈ ಪತ್ರಕ್ಕೆ ಕ್ರಮ ಗೊತ್ತಾಗುತ್ತಾ ಇಲ್ಲ.

ಜೂನ್ ಹತ್ತೊಂಬತ್ತರಿಂದ ನೀವು ಬರೆದ ಒಂದು ಪತ್ರವನ್ನೂ ನಾನು ಒಡೆದಿರಲಿಲ್ಲ. ನಾಲ್ಕನ್ನೂ ನಿನ್ನೆ ಪರೀಕ್ಷೆ ಮುಗಿಸಿ ಬಂದು, ಮಂಚದ ಮೇಲೆ ಕುಳಿತು ಒಂದರ ಹಿಂದೆ ಒಂದು ಓದಿದೆ.

ಮಾದರಿ ಪರೀಕ್ಷೆಯಲ್ಲಿ ನನಗೆ ಬಂದದ್ದು ನೂರಕ್ಕೆ ನಲವತ್ತೊಂದು, ಪಾಸಿಗೆ ಐವತ್ತು ಬೇಕು. ‘ಪರವಾಗಿಲ್ಲ’ ಎಂದು ನಿಮಗೆ ಬರೆದದ್ದು ಅದಕ್ಕೆ. ನಿಮ್ಮ ಪತ್ರ ಎಂದರೆ ಅಂಕ ಕೇಳುತ್ತೀರಿ, ಅಕ್ಷರ ತಿದ್ದುತ್ತೀರಿ ಎಂದು ಹೆದರಿಕೆ. ಒಡೆದರೆ ಆ ದಿನದ ಓದು ಹೋಗುತ್ತದೆ ಎಂದು ದಿಂಬಿನ ಕೆಳಗೆ ಇಟ್ಟೆ. ಒಡೆಯದೆಯೇ, ನಿಮ್ಮ ಮೊದಲ ಪತ್ರದಲ್ಲಿದ್ದ ‘ಪೂಜ್ಯ’ವನ್ನು ನೋಡಿ ಬರೆದು, ‘ತಲುಪಿ ತಿಳಿಯಿತು’ ಎಂದು ಹಾಕಿದೆ. ಆ ಸಾಲು ನೀವೇ ಕಲಿಸಿದ್ದು. ಅದನ್ನು ಬರೆಯಲು ಪತ್ರ ಓದಬೇಕಾಗಿರಲಿಲ್ಲ.

ವಾರಿಜಕ್ಕನ ಹುಣ್ಣಿನ ಪತ್ರ ಬಂದ ದಿನ ನಾನು ಓದಿದ್ದರೆ ಆನ್ಸಿಲ್ಲಾ ಬಾಯಿಯ ಫೋನಿನಿಂದ ಆಗಲೇ ಧೃತಿಗೆ ಹೇಳುತ್ತಿದ್ದೆ. ಅದಕ್ಕೆ ಔಷಧಿ ಉಂಟು ಅಜ್ಜಿ. ಬೇಗ ಕೊಟ್ಟರೆ ಉಳಿಯುತ್ತಾರೆ.

ಇನ್ನೊಂದನ್ನೂ ಹೇಳಬೇಕು. ಕ್ಲಾಸಿನಲ್ಲಿ ಎಲ್ಲರೂ ಎದ್ದು ನಿಂತ ದಿನ ಸರ್ ಆಮೇಲೆ ಒಂದು ಮಾತು ಹೇಳಿದ್ದರು. ‘ಈ ಮಾತ್ರೆಗೆ ವಾರ ಎಂದು ಮಾತ್ರ ಬರೆಯಬೇಡಿ. ಯಾವ ದಿನ ಎಂದು ಹೆಸರು ಹಿಡಿದು ಬರೆಯಿರಿ, ಸೋಮವಾರ ಮಾತ್ರ, ಬೇರೆ ದಿನ ಬೇಡ ಎಂದು ಬರೆಯಿರಿ.’ ನಾನು ನಿಮಗೆ ನಗು ಬರುವ ಭಾಗವನ್ನು ಮಾತ್ರ ಬರೆದೆ.

‘ಒಂದು ಮಾತ್ರೆ, ವಾರಕ್ಕೆ.’ ನಿಮ್ಮ ಪತ್ರದಲ್ಲಿ ಅದನ್ನು ನೋಡಿದಾಗ ನನಗೆ ಕೆಮ್ಮಿನ ಕವರ್ ನೆನಪಾಯಿತು. ‘ರಾತ್ರಿ ಒಂದು, ವಾರಕ್ಕೆ.’ ವಾರಿಜಕ್ಕನಿಗೆ ‘ವಾರಕ್ಕೆ’ ಎಂದರೆ ಯಾವಾಗಲೂ ಏಳು ದಿನ, ದಿನಕ್ಕೊಂದು.

ನಿನ್ನೆ ಆ ಪ್ರಶ್ನೆ ಬಂದಿತ್ತು. ಎರಡು ಸೆಕೆಂಡಿನಲ್ಲಿ ಗುರುತು ಹಾಕಿದೆ. ಖುಷಿಯಾಯಿತು.

ಈ ಸಲ ಪಾಸಾಗುತ್ತೇನೆ ಎಂದು ಕಾಣುತ್ತದೆ. ಆದರೆ ನನಗೆ ಆ ಸರ್ಟಿಫಿಕೇಟ್ ಬೇಡ ಅಜ್ಜಿ. ಆ ಮೊಳೆಗೆ ನನ್ನ ಹೆಸರು ಬೇಡ. ವಾರಿಜಕ್ಕ ಹೇಗಿದ್ದಾರೆ ಎಂದು ಕೇಳಲಿಕ್ಕೂ ನನಗೆ ಧೈರ್ಯ ಇಲ್ಲ. ನಿಮ್ಮ ಕೊನೆಯ ಪತ್ರ ಓದಿದ ಮೇಲೆ ಕೇಳುವುದೂ ಬೇಡವಾಗಿದೆ.

ಯಶ್ಮಿತಾ


ಕಾಪು
೧೮ ಆಗಸ್ಟ್

ಯಶ್ಮಿತಾ,

ವಾರಿಜಾ ಜುಲೈ ಹನ್ನೆರಡಕ್ಕೆ ಹೋದಳು. ನಿನ್ನ ಪರೀಕ್ಷೆ ಕೆಡಬಾರದೆಂದು ಬರೆಯಲಿಲ್ಲ. ಇದು ಅರ್ಧ ನಿಜ. ಉಳಿದ ಅರ್ಧ ಈಗ ಬರೆಯುತ್ತೇನೆ.

ಇಪ್ಪತ್ತನಾಲ್ಕಕ್ಕೆ ಅವಳ ಹದಿಮೂರನೇ ದಿನದ ಬೊಜ್ಜದ ಊಟಕ್ಕೆ ಹೋಗಿದ್ದೆ. ಕೈ ತೊಳೆದು ಹೊರಡುವಾಗ ಧೃತಿ ಒಂದು ಪ್ಲಾಸ್ಟಿಕ್ ಚೀಲ ತಂದು ಕೊಟ್ಟಳು. ‘ಅಕ್ಕ, ಅಮ್ಮನ ಉಳಿದ ಮದ್ದು. ನಿಮ್ಮ ಅಂಗಡಿಯದ್ದೇ. ಹಾಳು ಮಾಡುವುದು ಯಾಕೆ, ಬೇರೆ ಯಾರಿಗಾದರೂ ಆದೀತು’ ಎಂದಳು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ತೆಗೆದು ನೋಡಿದೆ. ನಾನು ಬರೆದ ಕವರಿನೊಳಗಿನ ಸ್ಟ್ರಿಪ್ಪಿನಲ್ಲಿ ಏಳು ಗುಳಿ ಒಡೆದಿದ್ದವು. ಮೂರು ಮಾತ್ರೆ ಹಾಗೆಯೇ ಇದ್ದವು.

ಏಳು. ವಾರ ಮುಗಿಯಿತು ಎಂದು ನಿಲ್ಲಿಸಿದ್ದಾಳೆ. ಒಂದು ಹೆಚ್ಚು ತಿನ್ನಲಿಲ್ಲ, ಒಂದು ಕಡಿಮೆಯೂ ಇಲ್ಲ. ನಾನು ಬರೆದದ್ದನ್ನು ಅವಳು ಪಾಲಿಸಿದ ಹಾಗೆ ಈ ಊರಿನಲ್ಲಿ ಯಾರೂ ನನ್ನ ಮಾತು ಪಾಲಿಸಿದವರಿಲ್ಲ.

ಅದು ಗೊತ್ತಾದ ಮೇಲೂ ನಿನಗೆ ‘ಎಲ್ಲರೂ ಕ್ಷೇಮ’ ಎಂದು ಬರೆದೆ. ಹದಿನೆಂಟು ದಿನ ಚೀಲವನ್ನು ನಿನ್ನ ಮೊಬೈಲಿನ ಹತ್ತಿರ ಇಟ್ಟೆ. ನಿನ್ನ ಪತ್ರವನ್ನು ಹನ್ನೊಂದರ ಸಂಜೆ ಶೀನ ಕೊಟ್ಟ. ಮಾರನೇ ಬೆಳಿಗ್ಗೆ ಧೃತಿಯ ಮನೆಗೆ ಹೋದೆ.

ಕೂರಿ ಎಂದಳು, ಕೂರಲಿಲ್ಲ. ಕವರ್ ತೋರಿಸಿ ನಾನು ಬರೆದದ್ದು ಎಂತ, ಅವಳ ಅಮ್ಮ ಓದಿದ್ದು ಎಂತ ಎಂದು ಹೇಳಿದೆ. ಅವಳು ಕವರನ್ನು ಕೈಗೆ ತೆಗೆದುಕೊಂಡು ಓದಿದಳು. ಆಮೇಲೆ ಹೇಳಿದಳು: ‘ಆಸ್ಪತ್ರೆಯಲ್ಲಿ ಡಾಕ್ಟರ್ ನನ್ನನ್ನೂ ಕೇಳಿದ್ದರು ಅಕ್ಕ. ಈ ಮಾತ್ರೆ ವಾರಕ್ಕೆ ಒಂದೇ ಅಲ್ವಾ ಎಂದು. ಹೌದು, ವಾರಕ್ಕೆ ಎಂದೆ.’

ನನ್ನ ಒಂದು ಶಬ್ದ ಆಸ್ಪತ್ರೆಯವರೆಗೆ ಹೋಗಿ ಅಲ್ಲಿಯೂ ಬಾಗಿಲು ಮುಚ್ಚಿತು.

ಅವಳು ಕೇಳಿದಳು, ‘ಅಮ್ಮ ಓದಿದ್ದರಲ್ಲಿ ತಪ್ಪಿಲ್ಲ ಅಲ್ವಾ ಅಕ್ಕ?’ ಇಲ್ಲ ಎಂದೆ. ‘ಅಷ್ಟು ಸಾಕು’ ಎಂದಳು. ‘ಮೂರನೇ ಕ್ಲಾಸಿನವಳು, ಏನೋ ಓದಿ ಏನೋ ತಿಂದಳು ಎಂದು ಮನೆಗೆ ಬಂದವರೆಲ್ಲಾ ಹೇಳಿದರು.’ ನನ್ನನ್ನು ಬೈಯಲಿಲ್ಲ. ಗೇಟಿನವರೆಗೆ ಬರಲೂ ಇಲ್ಲ. ಆ ಮನೆಯಿಂದ ಯಾರೂ ಬೀಳ್ಕೊಡದೆ ನಾನು ಹೊರಟದ್ದು ಅದೇ ಮೊದಲು.

ಅಂಗಡಿ ಮುಚ್ಚಿದ್ದೇನೆ. ಇನ್ಸ್‌ಪೆಕ್ಟರ್ ಎಳೆಸುವ ಮೊದಲು ನಾನೇ ಎಳೆದೆ. ಫಾರ್ಮಾಸಿಸ್ಟ್ ಇಲ್ಲದೆ ಒಂಬತ್ತು ತಿಂಗಳು ನಡೆಸಿದ್ದು, ಕವರ್ ಬರೆದದ್ದು, ಸತ್ತವಳ ಹೆಸರು, ಎಲ್ಲವನ್ನೂ ಬರೆದು ಅವರ ಆಫೀಸಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಎಂತ ಮಾಡುತ್ತಾರೋ ಮಾಡಲಿ. ವಲೇರಿಯನ್‌ನ ಫ್ರೇಮನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಾರ್ಕಳಕ್ಕೆ ಬಸ್ಸಿನಲ್ಲಿ ಕಳಿಸಿದೆ. ಅವನು ಫೋನ್ ಮಾಡಿ ಜೋರಾಗಿ ಏನೋ ಹೇಳಿದ. ನನಗೆ ಕೇಳಲಿಲ್ಲ.

ನೀನು ಸರ್ಟಿಫಿಕೇಟ್ ಬೇಡ ಎಂದಿದ್ದೀ. ಅದು ನಡೆಯುವುದಿಲ್ಲ. ನೀನು ಪತ್ರ ಒಡೆಯದೆ ಇದ್ದದ್ದು ತಪ್ಪು. ಅದು ತಪ್ಪಲ್ಲ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನೀನು ನಂಬಬಾರದು. ಆದರೆ ಒಡೆಯಲು ಹೆದರಿಕೆಯಾಗುವಂಥ ಪತ್ರ ಬರೆದವಳು ನಾನು. ಗೊತ್ತಿಲ್ಲ ಎಂದು ಕೇಳುವ ಬದಲು ‘ಗೊತ್ತಿಲ್ಲವೆಂದಲ್ಲ’ ಎಂದು ಬರೆದವಳೂ ನಾನು. ನೀನು ಬೇಡ ಎಂದರೆ ಆ ಮೊಳೆಗೆ ಮತ್ತೊಬ್ಬ ವಲೇರಿಯನ್ ಬರುತ್ತಾನೆ, ಕೆಳಗೆ ಮತ್ತೊಬ್ಬಳು ಗುಣವತಿ ನಿಲ್ಲುತ್ತಾಳೆ. ಆ ಅಂಗಡಿ ಬೇಡವಾದರೆ ಬೇಡ, ಉಡುಪಿಯಲ್ಲೋ ಪೆರ್ಡೂರಿನಲ್ಲೋ ಎಲ್ಲಾದರೂ ನಿಲ್ಲು. ನಿಂತು ಕೊಡು. ಗೋಡೆಯಲ್ಲಿ ನೇತಾಡಿ ಕೊಡಬೇಡ.

ಕವರನ್ನು ಇದರೊಳಗೆ ಇಟ್ಟಿದ್ದೇನೆ. ಧೃತಿ ವಾಪಸು ಕೇಳಲಿಲ್ಲ. ನಿನ್ನ ಹತ್ತಿರ ಇರಲಿ. ನೋಡು, ಒಂದು ಅಕ್ಷರ ಓರೆ ಇಲ್ಲ, ಅಡಿಗೆರೆಯೂ ನೇರ ಉಂಟು.

ಈ ಪತ್ರಕ್ಕೆ ‘ತಲುಪಿ ಸಕಲ ವಿಷಯ ತಿಳಿಯಿತು’ ಎಂದು ಬರೆಯಬೇಡ. ತಿಳಿದದ್ದು ಎಂತ, ಅದನ್ನು ಬರೆ.

ಗುಣವತಿ